ಹಳೇ ಅಂಬಾಸಿಡರ್‌ನ ಎಸ್‌ಯು ಕಾರ್ಬುರೇಟರ್: ಜೆಟ್ ನಟ್‌ಗೆ ಕೈ ಹಾಕುವ ಮುಂಚೆ

ಪ್ರಶ್ನೆ: ನಮ್ಮ ತಂದೆಯವರ 1977ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಕಾರು 2021ರಿಂದ ಶೆಡ್‌ನಲ್ಲೇ ನಿಂತಿತ್ತು. ಬ್ರೇಕ್, ಟೈರ್, ಬ್ಯಾಟರಿ ಹೊಸದು ಹಾಕಿಸಿ ಈಗ ರಸ್ತೆಗಿಳಿಸಿದ್ದೇನೆ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಗುಡುಗುಡು ಅಂದು ಆಫ್ ಆಗುತ್ತದೆ. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದರೆ ಮುಗ್ಗರಿಸಿ, ಆಮೇಲೆ ಎಳೆಯುತ್ತದೆ. ಪ್ಲಗ್ ಮಸಿ ಹಿಡಿದಿದೆ. ಮೈಲೇಜ್ ಲೀಟರ್‌ಗೆ ಆರು ಕಿಲೋಮೀಟರ್. ಮೂರು ಸಲ ಟ್ಯೂನಿಂಗ್ ಮಾಡಿಸಿದೆ, ಪ್ರತಿ ಸಲವೂ ಎರಡು ದಿನ ಸರಿ ಇರುತ್ತದೆ ಅಷ್ಟೇ. ಎಥನಾಲ್ ಪೆಟ್ರೋಲ್‌ನಿಂದ ಹೀಗಾಗಿದೆ ಎಂದು ಕೆಲವರು, ಬೇರೆ ಕಾರಿನ ಕಾರ್ಬುರೇಟರ್ ಹಾಕಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ಏನು ಮಾಡಲಿ ಸರ್? ಇರುವುದು ಹಾಸನದಲ್ಲಿ. ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿಬರಬೇಕು.

ಉತ್ತರ: ಕಾರ್ಬುರೇಟರ್ ಬದಲಾಯಿಸಬೇಡಿ. ಈ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೀಗೆ ಬಿಚ್ಚಿ ಮೂಲೆಗೆ ಎಸೆದ ಒಳ್ಳೆಯ ಎಸ್‌ಯು ಕಾರ್ಬುರೇಟರ್‌ಗಳನ್ನು ಎಷ್ಟೋ ಗ್ಯಾರೇಜ್‌ಗಳಲ್ಲಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ. ನೀವು ಬರೆದಿರುವ ಲಕ್ಷಣಗಳೇ ಅರ್ಧ ಉತ್ತರ ಹೇಳುತ್ತಿವೆ. ನಿಮ್ಮ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಅದರ ಜೊತೆಗೆ ಕಾರ್ಬುರೇಟರ್ ಮೇಲಿನ ಡಬ್ಬಿಯಲ್ಲಿ ಎಣ್ಣೆ ಇಲ್ಲ ಅಂತ ನನ್ನ ಅನುಮಾನ. ಎರಡೂ ಸಣ್ಣ ಕೆಲಸ.

ನಿಮ್ಮ ಕಾರಿನ ಎಡಭಾಗದಲ್ಲಿ, ಎಂಜಿನ್ ಪಕ್ಕಕ್ಕೆ, ತಲೆ ಮೇಲೆ ಗಂಟೆಯಂಥ ಅಲ್ಯೂಮಿನಿಯಂ ಡಬ್ಬಿ ಹೊತ್ತುಕೊಂಡು ಕೂತಿರುವುದೇ ಎಸ್‌ಯು ಎಚ್‌ಎಸ್2, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ನಿಮ್ಮ ಕಾರ್ಬುರೇಟರ್. ಅದರ ಬಾಯಿ ಒಂದೂಕಾಲು ಇಂಚು. ಎಸ್‌ಯು ಅಂದರೆ ಸ್ಕಿನ್ನರ್ ಯೂನಿಯನ್. ಇಂಗ್ಲೆಂಡಿನ ಸ್ಕಿನ್ನರ್ ಸಹೋದರರು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇದನ್ನು ರೂಪಿಸಿದರು. ಅವರ ಮನೆತನದ್ದು ಚಪ್ಪಲಿ, ಬೂಟಿನ ವ್ಯಾಪಾರ. ಮೊದಮೊದಲ ಕಾರ್ಬುರೇಟರ್‌ಗಳಲ್ಲಿ ಈಗಿನ ಪಿಸ್ಟನ್ ಜಾಗದಲ್ಲಿ ಚರ್ಮದ ತಿದಿ ಇತ್ತು. 1926ರಲ್ಲಿ ಮಾರಿಸ್ ಕಾರಿನ ವಿಲಿಯಂ ಮಾರಿಸ್ ಆ ಕಂಪನಿಯನ್ನು ಕೊಂಡರು. ಹಾಗಾಗಿ ಮಾರಿಸ್ ಆಕ್ಸ್‌ಫರ್ಡ್‌ಗೆ ಎಸ್‌ಯು ಬಂತು. ಆ ಆಕ್ಸ್‌ಫರ್ಡ್ ಸೀರೀಸ್ 3 ನಮ್ಮ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಯಿತು, ಮುಂದೆ ಬಂದ 1489 ಸಿಸಿ ಎಂಜಿನ್ ಜೊತೆಗೆ ಇದೂ ನಮಗೆ ಸಿಕ್ಕಿತು.

ಇದು ಕೆಲಸ ಮಾಡುವ ರೀತಿ ಒಮ್ಮೆ ಮನಸ್ಸಿಗೆ ಹತ್ತಿದರೆ ಟ್ಯೂನಿಂಗ್ ತಾನಾಗಿ ಅರ್ಥವಾಗುತ್ತದೆ. ಅನ್ನ ಕುದಿಯುವಾಗ ಆವಿಯ ಒತ್ತಡಕ್ಕೆ ತಕ್ಕಷ್ಟೇ ಮುಚ್ಚಳ ಏಳುತ್ತದಲ್ಲ, ಇಲ್ಲೂ ಹಾಗೆಯೇ. ಗಾಳಿ ಹೋಗುವ ದಾರಿಗೆ ಒಂದು ಪಿಸ್ಟನ್ ಅಡ್ಡ ಕೂತಿದೆ. ಎಂಜಿನ್ ಜೋರಾಗಿ ಗಾಳಿ ಎಳೆದಷ್ಟೂ ಡಬ್ಬಿಯೊಳಗೆ ಎಳೆತ ಹೆಚ್ಚಾಗಿ ಪಿಸ್ಟನ್ ಮೇಲೇಳುತ್ತದೆ, ದಾರಿ ಅಗಲವಾಗುತ್ತದೆ. ಪಿಸ್ಟನ್ ಕೆಳಗೆ ದಬ್ಬಳದ ಹಾಗೆ ತುದಿಗೆ ಸಣ್ಣಗಾಗುವ ಒಂದು ಸೂಜಿ ಇದೆ. ಅದು ಜೆಟ್ ಎನ್ನುವ ತೂತಿನೊಳಗೆ ಇಳಿಬಿದ್ದಿರುತ್ತದೆ. ಪಿಸ್ಟನ್ ಎದ್ದಷ್ಟೂ ಸೂಜಿಯ ಸಣ್ಣ ಭಾಗ ತೂತಿಗೆ ಬರುತ್ತದೆ, ಅಷ್ಟು ಪೆಟ್ರೋಲ್ ಜಾಸ್ತಿ ಹೊರಡುತ್ತದೆ. ಗಾಳಿ ಮತ್ತು ಪೆಟ್ರೋಲ್ ಎರಡನ್ನೂ ಒಂದೇ ಪಿಸ್ಟನ್ ಅಳೆದು ಕೊಡುತ್ತದೆ. ಬೇರೆ ಕಾರ್ಬುರೇಟರ್‌ಗಳಲ್ಲಿ ಸ್ಲೋ ಜೆಟ್, ಮೇನ್ ಜೆಟ್, ಏರ್ ಜೆಟ್, ಆಕ್ಸಿಲರೇಟರ್ ಪಂಪ್ ಅಂತ ನಾಲ್ಕಾರು ಇರುತ್ತವೆ. ಇಲ್ಲಿ ಒಂದೇ ಜೆಟ್, ಒಂದೇ ಸೂಜಿ. ನಾವು ತಿರುಗಿಸಬೇಕಾದದ್ದು ಅಡಿಯಲ್ಲಿರುವ ಒಂದು ಜೆಟ್ ನಟ್ ಮತ್ತು ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ ಹೊಂದಿಸುವ ಸ್ಲೋ ಸ್ಕ್ರೂ, ಅಷ್ಟೇ.

ಈಗ ನಿಮ್ಮ ಮುಗ್ಗರಿಸುವ ತೊಂದರೆಗೆ ಬರೋಣ. ಈ ಕಾರ್ಬುರೇಟರ್‌ಗೆ ಆಕ್ಸಿಲರೇಟರ್ ಪಂಪ್ ಇಲ್ಲ ಅಂದೆ. ಹಾಗಾದರೆ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಬೇಕಾಗುವ ಹೆಚ್ಚುವರಿ ಪೆಟ್ರೋಲ್ ಎಲ್ಲಿಂದ ಬರಬೇಕು? ಡಬ್ಬಿಯ ನೆತ್ತಿಯಲ್ಲಿ ಒಂದು ಕಪ್ಪು ಅಥವಾ ಹಿತ್ತಾಳೆಯ ಮುಚ್ಚಳ ಇದೆ. ತಿರುಗಿಸಿ ಎತ್ತಿದರೆ ಅದರ ಜೊತೆ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಚಿಕ್ಕ ಪಿಸ್ಟನ್ ಬರುತ್ತದೆ. ಅದೇ ಡ್ಯಾಂಪರ್. ಅದು ಎಣ್ಣೆಯಲ್ಲಿ ಮುಳುಗಿರಬೇಕು. ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಬಾಗಿಲು, ಅಂದರೆ ಥ್ರಾಟಲ್, ದಿಢೀರ್ ತೆರೆದಾಗ ಈ ಎಣ್ಣೆ ದೊಡ್ಡ ಪಿಸ್ಟನ್ ತಕ್ಷಣ ಮೇಲೆ ಹಾರದಂತೆ ಹಿಡಿದಿಡುತ್ತದೆ. ದಾರಿ ಇನ್ನೂ ಕಿರಿದಾಗಿರುವುದರಿಂದ ಜೆಟ್ ಮೇಲೆ ಎಳೆತ ಜೋರಾಗಿ ಪೆಟ್ರೋಲ್ ಒಂದಿಷ್ಟು ಹೆಚ್ಚೇ ಬರುತ್ತದೆ. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ಗಾಳಿಪಟದ ಹಾಗೆ ಹಾರಿಬಿಡುತ್ತದೆ. ಬರೀ ಗಾಳಿ ನುಗ್ಗಿ ಎಂಜಿನ್ ಒಂದು ಕ್ಷಣ ಉಸಿರು ಕಟ್ಟುತ್ತದೆ. ನೀವು ಬರೆದಿರುವುದು ಇದನ್ನೇ. ಮೂರು ಟ್ಯೂನಿಂಗ್‌ನಲ್ಲೂ ಈ ಮುಚ್ಚಳ ಯಾರೂ ಬಿಚ್ಚಿರಲಿಕ್ಕಿಲ್ಲ.

20 ಗ್ರೇಡ್ ಎಣ್ಣೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಎಂಜಿನ್‌ಗೆ ಹಾಕುವ 20ಡಬ್ಲ್ಯು-50 ನಡೆಯುತ್ತದೆ. ಗೇರ್ ಎಣ್ಣೆ ಬೇಡ. ನಡುವಿನ ಟೊಳ್ಳು ಕೊಳವೆಯೊಳಗೆ ಸ್ವಲ್ಪ ಸ್ವಲ್ಪವೇ ಹಾಕಿ, ಡ್ಯಾಂಪರ್ ಇಳಿಸಿ ನೋಡಿ. ಮುಚ್ಚಳ ಕೂರಲು ಇನ್ನು ಕಾಲು ಇಂಚು ಇದೆ ಅನ್ನುವಾಗ ಕೈಗೆ ಎಣ್ಣೆಯ ತಡೆ ಸಿಗಬೇಕು. ಅಷ್ಟಿದ್ದರೆ ಸಾಕು. ಜಾಸ್ತಿಯಾದದ್ದು ಹೊರಗೆ ಚೆಲ್ಲಿ ಎಂಜಿನ್ ಒಳಗೆ ಹೋಗುತ್ತದೆ, ಬೇರೇನೂ ಲಾಭವಿಲ್ಲ. ಎರಡು ಸಾವಿರ ಕಿಲೋಮೀಟರ್‌ಗೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಇನ್ನು ಮಸಿ ಹಿಡಿದ ಪ್ಲಗ್. ನಾಲ್ಕು ವರ್ಷ ನಿಂತ ಕಾರಿನಲ್ಲಿ ಪೆಟ್ರೋಲ್ ಆರಿಹೋಗಿ ಅಂಟು ಅಂಟಾದ ಪೊರೆ ಉಳಿಯುತ್ತದೆ. ಅದು ಎರಡು ಕಡೆ ತೊಂದರೆ ಕೊಡುತ್ತದೆ. ಮೊದಲನೆಯದು ಜೆಟ್. ಈ ಕಾರ್ಬುರೇಟರ್‌ನಲ್ಲಿ ಚೋಕ್ ಎಳೆದರೆ ಗಾಳಿ ಮುಚ್ಚುವುದಿಲ್ಲ, ಜೆಟ್ಟೇ ಕೆಳಗಿಳಿಯುತ್ತದೆ. ಆಗ ತೂತಿಗೆ ಸೂಜಿಯ ಸಣ್ಣ ಭಾಗ ಬಂದು ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಚೋಕ್ ಒಳಗೆ ತಳ್ಳಿದಾಗ ಜೆಟ್ ವಾಪಸ್ ಮೇಲೆ ಹೋಗಬೇಕು. ಅಂಟಿನಿಂದಲೋ, ಬಿಗಿಯಾದ ಚೋಕ್ ಕೇಬಲ್‌ನಿಂದಲೋ ಅದು ಅರ್ಧಕ್ಕೇ ನಿಂತರೆ ದಿನವಿಡೀ ಅರ್ಧ ಚೋಕ್‌ನಲ್ಲಿ ಓಡಿಸಿದ ಹಾಗೆ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಉಸಿರುಗಟ್ಟುವುದು ಇದರ ಗುರುತು. ಪರೀಕ್ಷೆ ಸುಲಭ. ಚೋಕ್ ಪೂರ್ತಿ ತಳ್ಳಿ. ಕಾರ್ಬುರೇಟರ್ ಅಡಿಗೆ ಕೈ ಹಾಕಿ, ಜೆಟ್‌ನ ಬುಡವನ್ನು ಬೆರಳಿನಿಂದ ಮೇಲಕ್ಕೆ ಒತ್ತಿ. ಅದು ಸ್ವಲ್ಪವಾದರೂ ಮೇಲೆ ಸರಿದರೆ ಕಳ್ಳ ಸಿಕ್ಕ ಅಂತಲೇ ಅರ್ಥ. ಎಂಜಿನ್ ತಣ್ಣಗಿರುವಾಗಲೇ ಇದನ್ನು ಮಾಡಿ. ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಒಂದೇ ಮಗ್ಗುಲಲ್ಲಿವೆ, ಕೈ ಸುಡುತ್ತದೆ. ಚೋಕ್ ಕೇಬಲ್‌ಗೆ ಒಂದೂವರೆ ಮಿಲಿಮೀಟರ್‌ನಷ್ಟು ಸಡಿಲ ಇರಲೇಬೇಕು.

ಎರಡನೆಯದು, ಕಾರ್ಬುರೇಟರ್ ಪಕ್ಕದಲ್ಲಿ ಪೆಟ್ರೋಲ್ ತುಂಬಿರುವ ಫ್ಲೋಟ್ ಡಬ್ಬಿಯ ನೀಡಲ್ ವಾಲ್ವ್, ಅಂದರೆ ಒಳಗೆ ಬರುವ ಪೆಟ್ರೋಲ್ ತಡೆಯುವ ಕವಾಟ. ಅದು ಸರಿಯಾಗಿ ಮುಚ್ಚದಿದ್ದರೆ ಪೆಟ್ರೋಲ್ ಮಟ್ಟ ಏರಿ ಜೆಟ್‌ನಿಂದ ಸುಮ್ನೆ ಉಕ್ಕುತ್ತಿರುತ್ತದೆ. ಮುಚ್ಚಳ ಬಿಚ್ಚಿ, ಒಳಗೆ ತೇಲುವ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಫ್ಲೋಟ್ ತೂತಾಗಿದೆ. ಮುಚ್ಚಳವನ್ನು ಬೋರಲು ಹಿಡಿದು, ಫ್ಲೋಟ್‌ಗೂ ಮುಚ್ಚಳದ ಅಂಚಿಗೂ ನಡುವೆ ಅಡ್ಡಲಾಗಿ ಎಂಟನೇ ಒಂದು ಇಂಚಿನ ಡ್ರಿಲ್ ಬಿಟ್ ಇಡಿ. ಅದು ಸವರಿಕೊಂಡು ಹೋಗುವಷ್ಟು ಸಂದು ಇರಬೇಕು. ಯಾರಾದರೂ ಹೊಸ ಎಲೆಕ್ಟ್ರಿಕ್ ಪಂಪ್ ಹಾಕಿದ್ದಾರೆಯೇ ಅಂತಲೂ ನೋಡಿ. ಈ ವಾಲ್ವ್ ಮೂರು ಪಿಎಸ್‌ಐ ಒತ್ತಡಕ್ಕಿಂತ ಹೆಚ್ಚು ತಡೆಯುವುದಿಲ್ಲ.

ಮೂರು ಟ್ಯೂನಿಂಗ್ ಎರಡೆರಡು ದಿನಕ್ಕೇ ಯಾಕೆ ಮುಗಿಯಿತು? ನನ್ನ ಊಹೆ ಹೇಳುತ್ತೇನೆ. ಪ್ಲಗ್ ಉಜ್ಜಿ ಹಾಕಿದ್ದಾರೆ, ಸ್ಲೋ ಸ್ಕ್ರೂ ಏರಿಸಿದ್ದಾರೆ. ಶುದ್ಧವಾದ ಪ್ಲಗ್ ಎರಡು ದಿನ ತಾಳಿದೆ, ಆಮೇಲೆ ಮತ್ತೆ ಮಸಿ. ಮೂಲ ಕಾರಣ ಅಲ್ಲೇ ಇದೆ.

ಇಷ್ಟು ಓದಿ ಸೀದಾ ಸ್ಪ್ಯಾನರ್ ಹಿಡಿದು ಹೊರಡಬೇಡಿ. ಜೆಟ್ ನಟ್ ಕೊನೆಯ ಕೆಲಸ. ಈ ಮಾತನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಮಾರ್ಕ್ 2 ನನ್ನ ಕೈಗೆ ಬಂತು. ನಲವತ್ತು ದಾಟಿದರೆ ಮಿಸ್ಸಿಂಗ್. ಕಾರ್ಬುರೇಟರ್ ತೊಂದರೆ ಅಂತ ನಾನೂ ನಂಬಿ ನಾಲ್ಕು ಸಲ ಬಿಚ್ಚಿ ತೊಳೆದೆ, ಜೆಟ್ ಬದಲಿಸಿದೆ, ಸೂಜಿ ಬದಲಿಸಿದೆ. ಹದಿನೈದು ದಿನ ಹೋಯಿತು. ಕೊನೆಗೆ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ, ಕರೆಂಟ್ ಕೂಡಿಸಿ ಕಡಿಯುವ ಪಾಯಿಂಟ್‌ಗೆ ಹೋಗುವ ಚಿಕ್ಕ ವೈರ್ ನೋಡಿದೆ. ಬಟ್ಟೆಯ ಹೊದಿಕೆ ಚೆನ್ನಾಗಿಯೇ ಇತ್ತು, ಒಳಗಿನ ತಾಮ್ರದ ಎಳೆಗಳು ಮುರಿದಿದ್ದವು. ಎಂಜಿನ್ನಿನ ಎಳೆತದಿಂದ ಕಿಡಿಯ ಸಮಯ ಮುಂದಕ್ಕೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆಯನ್ನು ಎಳೆದಾಗಲೆಲ್ಲ ಕರೆಂಟ್ ಬಿಟ್ಟು ಬಿಟ್ಟು ಬರುತ್ತಿತ್ತು. ಅಂದಿನಿಂದ ಕಾರ್ಬುರೇಟರ್ ದೂರು ಬಂದರೆ ನಾನು ಮೊದಲು ತೆಗೆಯುವುದು ಡಿಸ್ಟ್ರಿಬ್ಯೂಟರ್ ಮುಚ್ಚಳ.

ನೀವೂ ಹಾಗೇ ಮಾಡಿ. ಪಾಯಿಂಟ್ ಗ್ಯಾಪ್ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಭಾಗ. ಪಾಯಿಂಟ್‌ನಲ್ಲಿ ಗುಳಿ ಬಿದ್ದು ಇನ್ನೊಂದು ಕಡೆ ಮೊಟ್ಟೆಯಂತೆ ಎದ್ದಿದ್ದರೆ ಕಂಡೆನ್ಸರ್ ಸಮೇತ ಬದಲಾಯಿಸಿ. ಪ್ಲಗ್ ಗ್ಯಾಪ್ 25 ಥೌ. ಮಸಿ ಹಿಡಿದ ಪ್ಲಗ್ ಉಜ್ಜುತ್ತಾ ಕೂರಬೇಡಿ, ಹೊಸ ನಾಲ್ಕು ತನ್ನಿ. ಆಮೇಲೆ ಟಪೆಟ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು. ಈ ಎಂಜಿನ್‌ಗೆ 15 ಥೌ. ಟಪೆಟ್ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಈ ಎಂಜಿನ್ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲ್ ಕಾಲದಲ್ಲಿ. ದೇಶದಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರವರಿಗೆ ನಿಂತಿತು. ಸೀಸ ಇಲ್ಲದೆ ಎರಕದ ಕಬ್ಬಿಣದ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್‌ನ ಸೀಟು ನಿಧಾನವಾಗಿ ಸವೆದು ವಾಲ್ವ್ ಒಳಗೆ ಇಳಿಯುತ್ತದೆ. ಆಗ ಟಪೆಟ್ ಗ್ಯಾಪ್ ತಾನಾಗಿ ಕಡಿಮೆಯಾಗುತ್ತದೆ. ಒಂದು ವಾಲ್ವ್ ಪೂರ್ತಿ ಮುಚ್ಚದಿದ್ದರೂ ಸ್ಲೋದಲ್ಲಿ ಎಂಜಿನ್ ಕುಂಟುತ್ತದೆ, ಬೈಗುಳ ಮಾತ್ರ ಕಾರ್ಬುರೇಟರ್‌ಗೆ.

ಇನ್ನು ಕಳ್ಳಗಾಳಿ. ಕಾರ್ಬುರೇಟರ್ ದಾಟಿದ ಮೇಲೆ ಎಲ್ಲಿಂದಾದರೂ ಗಾಳಿ ಒಳಗೆ ಹೋದರೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬುರೇಟರ್ ಬುಡದ ಪ್ಯಾಕಿಂಗ್, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ನೋಡಿ. ನಲವತ್ತೈದು ವರ್ಷ ದಾಟಿದ ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅನುಮಾನ ಪಡಬೇಕಾದದ್ದು ಥ್ರಾಟಲ್ ಕಡ್ಡಿ ಹೋಗುವ ತೂತುಗಳನ್ನು. ಕಡ್ಡಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಕೈಗೆ ಆಟ ಸಿಕ್ಕರೆ ಸವೆದಿದೆ. ಸ್ಲೋದಲ್ಲಿ ಓಡುವಾಗ ಎಣ್ಣೆ ಕ್ಯಾನ್‌ನಿಂದ ಆ ಜಾಗಕ್ಕೆ ಎರಡು ಹನಿ ಎಂಜಿನ್ ಎಣ್ಣೆ ಬಿಡಿ. ಎಂಜಿನ್ ಸದ್ದು ಬದಲಾದರೆ ಅಲ್ಲೇ ಗಾಳಿ ಹೋಗುತ್ತಿದೆ. ಪೆಟ್ರೋಲ್ ಅಥವಾ ಸ್ಪ್ರೇ ಹೊಡೆದು ಪರೀಕ್ಷೆ ಮಾಡುವವರಿದ್ದಾರೆ. ಬೇಡ. ಕೆಳಗೇ ಕಾದ ಎಕ್ಸಾಸ್ಟ್ ಇದೆ. ಸವೆದಿದ್ದರೆ ಒಳ್ಳೆಯ ಲೇತ್ ಕೆಲಸದವರ ಹತ್ತಿರ ಬುಷ್ ಹಾಕಿಸಿ. ಹಾಸನದಲ್ಲೇ ಆಗುವ ಕೆಲಸ ಅದು. ಇಷ್ಟಕ್ಕೆಲ್ಲ ಕಾರ್ಬುರೇಟರ್ ಬದಲಿಸುತ್ತಾರಾ?

ಈಗ ಮೇಲಿನ ಡಬ್ಬಿ ಬಿಚ್ಚಿ ಒಳಗೆ ತೊಳೆಯಿರಿ. ಬಿಚ್ಚುವ ಮುಂಚೆ ಡಬ್ಬಿಗೂ ಬಾಡಿಗೂ ಸೇರಿಸಿ ಒಂದು ಗೆರೆ ಎಳೆದಿಡಿ, ವಾಪಸ್ ಅದೇ ರೀತಿ ಕೂರಬೇಕು. ಡಬ್ಬಿ ನೇರವಾಗಿ ಎತ್ತಿ, ಆಮೇಲೆ ಪಿಸ್ಟನ್ ನೇರವಾಗಿ ಎತ್ತಿ. ಸೂಜಿ ಬಗ್ಗಿದರೆ ಮುಗಿಯಿತು. ಪಿಸ್ಟನ್ನನ್ನು ಟೇಬಲ್ ಮೇಲೆ ಹಾಗೇ ನಿಲ್ಲಿಸಬೇಡಿ. ಒಂದು ಸ್ಟೀಲ್ ಲೋಟದ ಬಾಯಿಯ ಮೇಲೆ ಕೂರಿಸಿ, ಸೂಜಿ ಲೋಟದೊಳಗೆ ಇಳಿಬೀಳಲಿ. ಡಬ್ಬಿಯ ಒಳಮೈ, ಪಿಸ್ಟನ್‌ನ ಹೊರಮೈ ಎರಡನ್ನೂ ಪೆಟ್ರೋಲ್‌ನಲ್ಲಿ ಒದ್ದೆ ಮಾಡಿದ ಹತ್ತಿಬಟ್ಟೆಯಿಂದ ಒರೆಸಿ. ಎಮೆರಿ ಪೇಪರ್ ಹತ್ತಿರವೂ ತರಬೇಡಿ. ಇವೆರಡೂ ಒಂದಕ್ಕೊಂದು ಅಳತೆ ಮಾಡಿ ಜೋಡಿಸಿದ ಜೋಡಿ. ಕೂದಲೆಳೆಯಷ್ಟು ಸಂದಿನಲ್ಲೇ ಅದರ ಪ್ರಾಣ ಇದೆ. ಒಬ್ಬ ಹುಡುಗ ಹೊಳಪು ಬರಲಿ ಅಂತ ಎರಡು ಗಂಟೆ ಕೂತು ಉಜ್ಜಿ ತಂದಿದ್ದ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಕೆಲಸಕ್ಕೆ ಬಾರದಂತಾಗಿತ್ತು. ಅವನ ಮುಖ ನೋಡಿ ಬೇಜಾರಾಯಿತು. ಹೇಳಿಕೊಟ್ಟವರು ಯಾರೂ ಇರಲಿಲ್ಲ ಅವನಿಗೆ. ಜೋಡಿಸುವಾಗ ಪಿಸ್ಟನ್‌ನ ಮೈಗೆ ಎಣ್ಣೆ ಹಚ್ಚಬೇಡಿ, ನಡುವಿನ ಕಡ್ಡಿಗೆ ಒಂದು ಹನಿ ಸಾಕು. ಸೂಜಿಯ ಭುಜ ಪಿಸ್ಟನ್‌ನ ಅಡಿಗೆ ಸಮವಾಗಿ ಕೂತಿರಬೇಕು.

ಜೋಡಿಸಿದ ಮೇಲೆ, ಡ್ಯಾಂಪರ್ ಹಾಕುವ ಮುಂಚೆ, ಗಾಳಿಬಾಯಿಯಿಂದ ಬೆರಳು ಹಾಕಿ ಪಿಸ್ಟನ್ ಪೂರ್ತಿ ಎತ್ತಿ ಬಿಡಿ. ಅದು ಸರಾಗವಾಗಿ ಇಳಿದು ಟಣ್ ಅಂತ ಕೂರಬೇಕು. ಆ ಸದ್ದು ಕೇಳದಿದ್ದರೆ ಸೂಜಿ ಜೆಟ್‌ಗೆ ಉಜ್ಜುತ್ತಿದೆ, ಜೆಟ್ಟನ್ನು ನಡುವಿಗೆ ತರಬೇಕು. ಅದೊಂದು ಕೆಲಸವನ್ನು ಎಸ್‌ಯು ಬಿಚ್ಚಿ ಅನುಭವ ಇರುವ ಹಿರಿಯ ಮೆಕ್ಯಾನಿಕ್ ಹತ್ತಿರವೇ ಮಾಡಿಸಿ.

ಇಷ್ಟಾದ ಮೇಲೆ ಟ್ಯೂನಿಂಗ್. ಶೆಡ್‌ನೊಳಗೆ ಮಾಡಬೇಡಿ, ಹೊರಗೆ ಬಯಲಲ್ಲಿ ಮಾಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಇಡಿ. ಪಂಚೆ, ಶಾಲು, ಸಡಿಲ ತೋಳಿನ ಅಂಗಿ ಬೇಡ. ಫ್ಯಾನ್ ಅಲ್ಲೇ ಪಕ್ಕದಲ್ಲಿ ತಿರುಗುತ್ತಿರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಮೊದಲು ಮೂಲ ಸ್ಥಾನಕ್ಕೆ ತನ್ನಿ. ಚೋಕ್ ಕೇಬಲ್ ಬಿಡಿಸಿ. ಡಬ್ಬಿ, ಪಿಸ್ಟನ್ ತೆಗೆದಾಗ ಜೆಟ್‌ನ ಬಾಯಿ ಕಾಣುತ್ತದೆ. ಅಡಿಯ ನಟ್ಟನ್ನು ಮೇಲಕ್ಕೆ ತಿರುಗಿಸುತ್ತಾ, ಆ ಬಾಯಿ ಸುತ್ತಲಿನ ನೆಲಕ್ಕೆ ಸಮ ಆಗುವವರೆಗೆ ಏರಿಸಿ. ಅಲ್ಲಿಂದ ಎರಡು ಪೂರ್ತಿ ಸುತ್ತು ಕೆಳಗಿಳಿಸಿ. ನಟ್‌ಗೆ ಆರು ಮುಖ. ಎರಡು ಸುತ್ತು ಅಂದರೆ ಹನ್ನೆರಡು ಮುಖ. ಮುಂದೆ ಎಲ್ಲ ಲೆಕ್ಕವೂ ಮುಖದಲ್ಲೇ. ಪ್ರತಿ ಸಲ ತಿರುಗಿಸಿದಾಗ ಜೆಟ್‌ನ ಬುಡವನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ನಟ್‌ಗೆ ತಾಗಿಸಿ. ಇಲ್ಲದಿದ್ದರೆ ನೀವು ನಟ್ ತಿರುಗಿಸುತ್ತೀರಿ, ಜೆಟ್ ಇದ್ದಲ್ಲೇ ಇರುತ್ತದೆ. ಸ್ಲೋ ಸ್ಕ್ರೂವನ್ನು ಥ್ರಾಟಲ್ ಪೂರ್ತಿ ಮುಚ್ಚುವಷ್ಟು ಸಡಿಲಿಸಿ, ತಾಗಿದಲ್ಲಿಂದ ಒಂದೂವರೆ ಸುತ್ತು ಒಳಗೆ ಕೊಡಿ. ಡ್ಯಾಂಪರ್‌ಗೆ ಎಣ್ಣೆ ಹಾಕಿ ಎಲ್ಲ ಜೋಡಿಸಿ.

ಈಗ ಕಾರು ತೆಗೆದುಕೊಂಡು ಎಂಟು ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ನಿಂತಲ್ಲೇ ಬಿಸಿ ಮಾಡಿದರೆ ಸಾಲದು. ಬಂದು ನಿಲ್ಲಿಸಿ, ಸ್ಲೋ ಸ್ವಲ್ಪ ಜಾಸ್ತಿಯೇ ಇರಲಿ. ಕಾರ್ಬುರೇಟರ್‌ನ ಪಕ್ಕದಲ್ಲಿ, ಅಡಿಯಿಂದ ಮೇಲಕ್ಕೆ ಒತ್ತುವಂಥ ಒಂದು ಸಣ್ಣ ಪಿನ್ ಇದೆ. ಅದನ್ನು ಒತ್ತಿದರೆ ಮೊದಲು ಖಾಲಿ ಆಟ, ಆಮೇಲೆ ಪಿಸ್ಟನ್‌ಗೆ ತಾಗುತ್ತದೆ. ತಾಗಿದ ಮೇಲೆ ಒಂದು ಮಿಲಿಮೀಟರ್‌ಗಿಂತ ಒಂಚೂರು ಕಡಿಮೆ ಎತ್ತಿ, ಕಿವಿಗೊಟ್ಟು ಕೇಳಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಅಂದರೆ ರಿಚ್. ನಟ್ ಒಂದು ಮುಖ ಮೇಲಕ್ಕೆ. ಎತ್ತಿದ ಕೂಡಲೇ ವೇಗ ಬಿದ್ದು ಆಫ್ ಆಗಲು ನೋಡಿದರೆ ಪೆಟ್ರೋಲ್ ಕಡಿಮೆ, ಅಂದರೆ ಲೀನ್. ಒಂದು ಮುಖ ಕೆಳಕ್ಕೆ. ಎತ್ತಿದಾಗ ಒಂದು ಕ್ಷಣ ಚೂರೇ ಚೂರು ಏರಿ ಮತ್ತೆ ಮೊದಲಿನಂತಾದರೆ ಅದೇ ಸರಿಯಾದ ಜಾಗ. ತುಂಬ ಮೇಲೆ ಎತ್ತಿದರೆ ಯಾವ ಎಂಜಿನ್ನಾದರೂ ಆಫ್ ಆಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬಹಳ ಜನ ತಪ್ಪುವುದು ಇಲ್ಲೇ.

ಒಂದು ಮುಖ, ಒಂದು ಪರೀಕ್ಷೆ. ಅವಸರ ಬೇಡ. ಮೂರು ನಿಮಿಷದೊಳಗೆ ಜಾಗ ಸಿಗದಿದ್ದರೆ ನಿಲ್ಲಿಸಿ, ಒಂದು ನಿಮಿಷ ಚೆನ್ನಾಗಿ ರೇಸ್ ಕೊಟ್ಟು ಮತ್ತೆ ಶುರು ಮಾಡಿ. ಸ್ಲೋದಲ್ಲಿ ಬಹಳ ಹೊತ್ತು ನಿಂತರೆ ಬಾನೆಟ್ ಕೆಳಗೆ ಕಾವೇರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಆಗ ಪಿನ್ ಹೇಳುವುದು ನಿಜವಾಗಿರುವುದಿಲ್ಲ.

ಪಿನ್ ಹೇಳಿದ್ದನ್ನು ಸೈಲೆನ್ಸರ್ ಹತ್ತಿರ ಹೋಗಿ ಖಾತ್ರಿ ಮಾಡಿಕೊಳ್ಳಿ. ರಿಚ್ ಇದ್ದರೆ ಒಂದೇ ತಾಳದಲ್ಲಿ ಡುಬ್, ಡುಬ್ ಅಂತ ಮಿಸ್ಸಿಂಗ್, ಹೊಗೆ ಕಪ್ಪಗೆ. ಲೀನ್ ಇದ್ದರೆ ತಾಳ ಇರುವುದಿಲ್ಲ. ಅಲ್ಲೊಮ್ಮೆ ಇಲ್ಲೊಮ್ಮೆ ನೀರು ಚೆಲ್ಲಿದಂತೆ ಪಚಕ್ ಅನ್ನುತ್ತದೆ, ಹೊಗೆಗೆ ಬಣ್ಣ ಇರುವುದಿಲ್ಲ. ಸರಿ ಇದ್ದರೆ ಬರೀ ಮೆತ್ತಗಿನ, ಸಮನಾದ ಸದ್ದು. ಹಳೇ ಮೆಕ್ಯಾನಿಕ್‌ಗಳು ಅಂಗೈಯನ್ನು ಸೈಲೆನ್ಸರ್ ಬಾಯಿಯಿಂದ ಒಂದು ಅಡಿ ದೂರ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾನೂ ಹಾಗೆ ನಿಂತು ಕಲಿತವನು. ಕೈಗೆ ಬಡಿಯುವ ಗಾಳಿಯ ತಾಳ ಕಿವಿಗಿಂತ ಮುಂಚೆ ವಿಷಯ ಹೇಳುತ್ತದೆ.

ಕೊನೆಗೆ ಸ್ಲೋ ಇಳಿಸಿ. ಚೋಕ್ ಕೇಬಲ್ ಜೋಡಿಸಿ. ಚೋಕ್ ಎಳೆದಾಗ ರೇಸ್ ಏರಿಸುವ ಇನ್ನೊಂದು ಸ್ಕ್ರೂ ಇದೆಯಲ್ಲ, ಚೋಕ್ ಒಳಗಿರುವಾಗ ಅದಕ್ಕೂ ಅದರ ಕ್ಯಾಮ್‌ಗೂ ನಡುವೆ 15 ಥೌ ಸಂದು ಬಿಡಿ.

ಈಗ ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆ ಆಯಿತು. ಈಗ ಬಹುತೇಕ ಬಂಕ್‌ಗಳಲ್ಲಿ ಸಿಗುವುದು ಅದೇ. ನೀವು ಕಾರು ನಿಲ್ಲಿಸಿದಾಗ ಇದ್ದ ಪೆಟ್ರೋಲ್ ಇದಲ್ಲ, ಅದು ನಿಜ. ಆದರೆ ಎಥನಾಲ್ ಕೊಡುವ ತೊಂದರೆ ನಿಮ್ಮದಕ್ಕೆ ಉಲ್ಟಾ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಹಾಗಾಗಿ ಹಳೆಯ ಸೆಟ್ಟಿಂಗ್‌ನಲ್ಲಿ ಇ20 ಹಾಕಿದರೆ ಎಂಜಿನ್ ಲೀನ್ ಆಗುತ್ತದೆ. ಪ್ಲಗ್ ಬಿಳಿಚಿಕೊಳ್ಳಬೇಕು, ಕಪ್ಪಾಗಬಾರದು. ನಿಮ್ಮ ಪ್ಲಗ್ ಕಪ್ಪಾಗಿದೆ ಅಂದರೆ ತಪ್ಪು ಪೆಟ್ರೋಲ್‌ನದಲ್ಲ. ಮೇಲಿನ ಕೆಲಸ ಎಲ್ಲ ಆದ ಮೇಲೆ ಟ್ಯೂನ್ ಮಾಡಿದಾಗ ಹನ್ನೆರಡರ ಬದಲು ಹದಿಮೂರು, ಹದಿನಾಲ್ಕನೇ ಮುಖದಲ್ಲಿ ಜಾಗ ಸಿಕ್ಕರೆ ಆಶ್ಚರ್ಯ ಪಡಬೇಡಿ. ಅದು ಇ20ಯ ಲೆಕ್ಕ.

ಎಥನಾಲ್ ಬಗ್ಗೆ ನನಗಿರುವ ಚಿಂತೆಯೇ ಬೇರೆ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕ್ ಅಡಿಗೆ ಇಳಿದು ತುಕ್ಕು ಹಿಡಿಸುತ್ತದೆ. ಫ್ಲೋಟ್ ಡಬ್ಬಿಯಿಂದ ಜೆಟ್‌ಗೆ ಹೋಗುವ ಸಣ್ಣ ನೈಲಾನ್ ಪೈಪನ್ನು ಇವತ್ತೇ ನೋಡಿ. ಬಿರುಸಾಗಿ ಹಳದಿ ತಿರುಗಿದ್ದರೆ, ಬುಡದಲ್ಲಿ ಒದ್ದೆ ಕಂಡರೆ, ಕಾರು ಹೊರಗೆ ತೆಗೆಯಲೇಬೇಡಿ. ಅದು ತೊಟ್ಟಿಕ್ಕುವುದು ಕಾದ ಎಕ್ಸಾಸ್ಟ್ ಕಡೆಗೇ. ಪಂಪ್‌ನಿಂದ ಬರುವ ರಬ್ಬರ್ ಪೈಪ್‌ಗಳನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ. ಕಾರ್ಬುರೇಟರ್ ಬದಲಿಸಲು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಈ ಕೆಲಸ ಆಗಲಿ.

ನಿಮ್ಮ ಮಂಗಳೂರು ಪ್ರಯಾಣದ ವಿಷಯ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೆ ಹತ್ತಿರ. ಅಲ್ಲಿ ಗಾಳಿ ತೆಳು. ಶಿರಾಡಿ ಇಳಿದು ಉಪ್ಪಿನಂಗಡಿ ದಾಟುವಷ್ಟರಲ್ಲಿ ಗಾಳಿ ದಟ್ಟವಾಗುತ್ತದೆ. ಹಾಸನದಲ್ಲಿ ಸರಿಯಾಗಿ ಟ್ಯೂನ್ ಆದ ಕಾರು ಮಂಗಳೂರಲ್ಲಿ ಸ್ವಲ್ಪ ಲೀನ್ ಆಗುತ್ತದೆ. ವಾಪಸ್ ಬರುವಾಗ ಆ ಲೀನ್ ಸೆಟ್ಟಿಂಗ್‌ನಲ್ಲೇ ಗುಂಡ್ಯದಿಂದ ಘಾಟಿ ಹತ್ತಬೇಕು, ಲೋಡ್ ಜಾಸ್ತಿ, ಎಂಜಿನ್ ಕಾಯುತ್ತದೆ. ಆದ್ದರಿಂದ ಪಿನ್ ಪರೀಕ್ಷೆಯಲ್ಲಿ ಸರಿಯಾದ ಜಾಗ ಸಿಕ್ಕ ಮೇಲೆ ನೀವು ಒಂದು ಮುಖ ಕೆಳಕ್ಕೆ ಕೊಟ್ಟು ಬಿಡಿ. ಹಾಸನದಲ್ಲಿ ಪೆಟ್ರೋಲ್ ಚೂರು ಜಾಸ್ತಿ ಕುಡಿಯಬಹುದು. ಘಾಟಿಯಲ್ಲಿ ವಾಲ್ವ್ ಸುಡುವುದಕ್ಕಿಂತ ಅದು ಎಷ್ಟೋ ವಾಸಿ.

ಬೇರೆ ಕಾರಿನ ಕಾರ್ಬುರೇಟರ್ ಹಾಕಿಸುವವರಿಗೆ ನಾನು ಬೈಯುವುದಿಲ್ಲ. ಟ್ಯಾಕ್ಸಿಯವರು ಸಿಕ್ಕಿದ್ದು ಹಾಕಿಕೊಂಡು ಹೊಟ್ಟೆಪಾಡು ನಡೆಸಿದ್ದಾರೆ, ಅವರಿಗೆ ಕಾಯಲು ಸಮಯ ಇರಲಿಲ್ಲ. ನಿಮಗೆ ಆ ಅವಸರ ಇಲ್ಲ ಅಲ್ವಾ? ಬೇರೆಯದು ಹಾಕಿದರೆ ಅಡಾಪ್ಟರ್ ತಟ್ಟೆ, ಲಿಂಕೇಜ್, ಚೋಕ್ ಕೇಬಲ್, ಏರ್ ಕ್ಲೀನರ್ ಎಲ್ಲ ಹೊಂದಿಸಬೇಕು. ಅದರ ಜೆಟ್‌ಗಳು ಬೇರೊಂದು ಎಂಜಿನ್‌ಗೆ ಲೆಕ್ಕ ಹಾಕಿದವು. ನಿಮ್ಮ ತಂದೆಯವರು ಓಡಿಸಿದ ಕಾರಿನ ಎಳೆತ ನಿಮಗೆ ಅದರಲ್ಲಿ ಸಿಗುವುದಿಲ್ಲ.

ಟ್ಯೂನ್ ಆದ ಮೇಲೆ ನೂರು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಈಗಿನ ಪೆಟ್ರೋಲ್‌ನಲ್ಲಿ ಹಿಂದಿನ ಹಾಗೆ ಗಾಢ ಬಿಸ್ಕತ್ ಬಣ್ಣ ಬರುವುದಿಲ್ಲ, ತಿಳಿಯಾಗಿಯೇ ಇರುತ್ತದೆ. ನಾಲ್ಕೂ ಒಂದೇ ಬಣ್ಣ ಇದ್ದರೆ ಸಾಕು. ಮೂರು ಸರಿ ಇದ್ದು ಒಂದೇ ಕಪ್ಪಾದರೆ ತಪ್ಪು ಆ ಸಿಲಿಂಡರ್‌ನದು. ಎಷ್ಟನೇ ಮುಖದಲ್ಲಿ ನಿಂತಿತು ಅಂತ ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸ್‌ನಲ್ಲಿಡಿ. ಮುಂದೆ ಯಾರೇ ಕೈ ಹಾಕಿದರೂ ಅಲ್ಲಿಗೆ ವಾಪಸ್ ಬರಬಹುದು.

ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎರಡೇ ಕೆಲಸ ಮಾಡಿ. ಡ್ಯಾಂಪರ್ ಬಿಚ್ಚಿ ಎಣ್ಣೆ ಇದೆಯಾ ನೋಡಿ, ಚೋಕ್ ತಳ್ಳಿ ಜೆಟ್‌ನ ಬುಡ ಮೇಲಕ್ಕೆ ಸರಿಯುತ್ತದಾ ನೋಡಿ. ಏನು ಕಂಡಿತು ಅಂತ ನನಗೆ ಬರೆಯಿರಿ, ಅಲ್ಲಿಂದ ಮುಂದಕ್ಕೆ ನೋಡೋಣ.